ಖಾತೆಯಲ್ಲಿ ಇದ್ದದ್ದೆಲ್ಲ ನಮ್ಮದಲ್ಲ



ಕಳೆದ ಸಂಚಿಕೆಯಲ್ಲಿ ಚೀಟಿಯ ಲೆಕ್ಕ ಬರೆದ ಮೇಲೆ ಸಂಘದ ವಿಳಾಸಕ್ಕೆ ಒಂದಷ್ಟು ಪತ್ರಗಳು ಬಂದಿವೆ. ಕೆಲವು ಕನ್ನಡದಲ್ಲಿ, ಕೆಲವು ಇಂಗ್ಲಿಷಿನಲ್ಲಿ. ಒಂದು ಮಾತ್ರ ಕನ್ನಡ ಮಾತನ್ನೇ ದೇವನಾಗರಿ ಅಕ್ಷರಗಳಲ್ಲಿ ಬರೆದದ್ದು. "ಮನೆಯಲ್ಲಿ ಕನ್ನಡವೇ, ಆದರೆ ಬರೆಯಲು ಬಾರದು, ನಿಮ್ಮ ಅಂಕಣವನ್ನು ಅಮ್ಮ ಓದಿ ಹೇಳುತ್ತಾಳೆ, ಕ್ಷಮಿಸಿ" ಎಂದು ಆರಂಭ. ಕ್ಷಮೆ ಏಕೆ? ಅಮ್ಮನೂ ಮಗನೂ ಒಟ್ಟಿಗೆ ಕುಳಿತು ಬಡ್ಡಿಯ ಲೆಕ್ಕ ಓದುವ ಮನೆಗಿಂತ ಒಳ್ಳೆಯ ಓದುಗರು ಈ ಪುಟಕ್ಕೆ ಎಲ್ಲಿ ಸಿಗಬೇಕು! ಈ ಸಲ ಆ ಒಂದೇ ಪತ್ರವನ್ನು ಎತ್ತಿಕೊಂಡಿದ್ದೇನೆ. ಉಳಿದವರು ಬೇಸರಿಸಬೇಡಿ, ನಿಮ್ಮಲ್ಲಿ ಅನೇಕರ ಪ್ರಶ್ನೆಗಳು ಇದರೊಳಗೇ ಇವೆ.

ಪತ್ರ ಬರೆದವರು ಡೊಂಬಿವಲಿಯ ತರುಣ. ಹೆಸರು ಬೇಡ. ಕೆಲಸ ಸಿಕ್ಕಿ ಮೂರು ವರ್ಷವಾಗಿದೆ, ಕೈಗೆ ಬರುವ ಸಂಬಳ 34,000 ರೂಪಾಯಿ. ಈಚೆಗೆ 90,000 ರೂಪಾಯಿಯ ಸ್ಕೂಟರ್ ಕೊಂಡಿದ್ದಾರೆ. 30,000 ಕೈಯಿಂದ, 60,000 ಸಾಲ. "ಬಡ್ಡಿ ಹತ್ತೇ ಪರ್ಸೆಂಟ್, ಎರಡು ವರ್ಷ, ತಿಂಗಳಿಗೆ 3,000 ಕಂತು. ಕಂತು ಕಟ್ಟಿಯೂ ಕಳೆದ ತಿಂಗಳು ಖಾತೆಯಲ್ಲಿ ಆರೂವರೆ ಸಾವಿರ ಉಳಿದಿದೆ" ಎಂದು ಸ್ವಲ್ಪ ಹೆಮ್ಮೆಯಿಂದಲೇ ಬರೆದಿದ್ದಾರೆ.

ಪ್ರಶ್ನೆ ಬರುವುದು ಪತ್ರದ ಎರಡನೆಯ ಪುಟದಲ್ಲಿ. ಅವರ ದೊಡ್ಡಪ್ಪನ ಮಗ ಠಾಣೆಯಲ್ಲಿ ಚಿಕ್ಕದೊಂದು ತಿಂಡಿ ಅಂಗಡಿ ಇಡುತ್ತಿದ್ದಾರೆ. ನಾಲ್ಕು ಲಕ್ಷ ಸಾಲ ಬೇಕು. ಜಾಮೀನಿಗೆ ತಮ್ಮನ ಸಹಿ ಬೇಕು. ಅಪ್ಪ ಹೇಳುವುದು ಹೀಗೆ: "ನಾನು ಊರು ಬಿಟ್ಟು ಬಂದಾಗ ದೊಡ್ಡಪ್ಪನ ಖೋಲಿಯಲ್ಲೇ ನಾಲ್ಕು ವರ್ಷ ಮಲಗಿದವನು. ಅವರ ಮಗ ಕೇಳಿದಾಗ ಇಲ್ಲ ಅನ್ನುವುದು ಹೇಗೆ? ಹಾಕಿಬಿಡು." ಅಮ್ಮ ಏನೂ ಹೇಳುತ್ತಿಲ್ಲವಂತೆ. "ನಾನು ಹಾಕಲೇ, ಬೇಡವೇ?" ಎಂದು ಪತ್ರ ಮುಗಿಯುತ್ತದೆ.

ಹೌದು, ಇಲ್ಲ ಎಂದು ಒಂದು ಸಾಲಿನಲ್ಲಿ ಹೇಳಿಬಿಡಬಹುದಿತ್ತು. ಆದರೆ ಆ ಉತ್ತರ ನನ್ನದಾಗುತ್ತದೆ, ಅಪ್ಪನ ಮುಂದೆ ನಿಲ್ಲುವುದಿಲ್ಲ. ಲೆಕ್ಕ ಹಾಕಿದ ಕಾಗದ ನಿಲ್ಲುತ್ತದೆ. ಪೆನ್ಸಿಲ್ ತೆಗೆದುಕೊಳ್ಳಿ.

ಮೊದಲು ನಾಲ್ಕು ಶಬ್ದ. ನಿಮಗೆ ಇವು ಹೊಸವಲ್ಲ, ಮರಾಠಿಯ ಬಾಗಿಲಿನಿಂದ ಆಗಲೇ ಮನೆಯೊಳಗೆ ಬಂದಿವೆ. ಮರಾಠಿಯಲ್ಲಿ ಶಿಲ್ಲಕ್ ಎನ್ನುತ್ತೀರಲ್ಲ, ಅದೇ ನಮ್ಮ ಶಿಲ್ಕು: ಲೆಕ್ಕ ಮುಗಿದ ಮೇಲೆ ಕೈಯಲ್ಲಿ ಉಳಿದದ್ದು. ಅಲ್ಲಿಯ ಹಪ್ತಾ ನಮ್ಮ ಕಂತು. ಮುದ್ದಲ್ ನಮ್ಮ ಅಸಲು. ವ್ಯಾಜ್ ಎಂದರೆ ಬಡ್ಡಿ. ಜಮಾ-ಖರ್ಚು ಎರಡೂ ಕಡೆ ಒಂದೇ. ಹಣಕ್ಕೆ ಭಾಷೆಯ ಗಡಿ ಕಡಿಮೆ.

ಈಗ ಸ್ಕೂಟರು. ಹತ್ತು ಪರ್ಸೆಂಟ್ ಎಂದರೆ 60,000ಕ್ಕೆ ವರ್ಷಕ್ಕೆ 6,000, ಎರಡು ವರ್ಷಕ್ಕೆ 12,000. ಅಸಲು ಸೇರಿ 72,000. ಇಪ್ಪತ್ತನಾಲ್ಕರಿಂದ ಭಾಗಿಸಿ: 3,000. ಲೆಕ್ಕ ಸರಿಯಾಗಿಯೇ ಇದೆ, ಕಂತು ಹೊಂದುತ್ತದೆ. ಹಾಗಾದರೆ ತೊಂದರೆ ಎಲ್ಲಿ?

ಪ್ರತಿ ಕಂತನ್ನೂ ಬಿಡಿಸಿ ನೋಡಿ. 2,500 ಅಸಲು, 500 ಬಡ್ಡಿ. ಮೊದಲ ತಿಂಗಳು ನಿಮ್ಮ ಮೇಲೆ ಇರುವ ಸಾಲ 60,000, ಬಡ್ಡಿ 500. ಹನ್ನೆರಡು ಕಂತು ಮುಗಿದಾಗ ಈ ಲೆಕ್ಕದ ಪ್ರಕಾರ ಉಳಿದ ಅಸಲು 30,000, ಆಗಲೂ ಬಡ್ಡಿ 500. ಕೊನೆಯ ತಿಂಗಳಿಗೆ ಬನ್ನಿ. ಉಳಿದಿರುವುದು 2,500 ರೂಪಾಯಿ ಮಾತ್ರ. ಅದಕ್ಕೂ ಬಡ್ಡಿ 500! ಎರಡೂವರೆ ಸಾವಿರಕ್ಕೆ ಒಂದು ತಿಂಗಳಿಗೆ ಐನೂರು ಎಂದು ಯಾರಾದರೂ ಬಾಯಿಬಿಟ್ಟು ಕೇಳಿದ್ದರೆ ನೀವು ಎದ್ದು ಹೊರಟುಬಿಡುತ್ತಿದ್ದಿರಿ. ಫ್ಲ್ಯಾಟ್ ರೇಟ್ ಎನ್ನುವುದು ಇದನ್ನೇ. ನೀವು ತೀರಿಸಿಬಿಟ್ಟ ಅಸಲಿಗೂ ಕೊನೆಯವರೆಗೆ ಬಡ್ಡಿ ಕಟ್ಟುತ್ತಾ ಹೋಗುವುದು.

ನಿಜವಾದ ದರ ಎಷ್ಟು? ಕಂಪ್ಯೂಟರ್ ಬೇಡ, ಅಂದಾಜಿಗೆ ಒಂದು ಉಪಾಯವಿದೆ. ಮೊದಲ ತಿಂಗಳ ಸಾಲ 60,000, ಕೊನೆಯ ತಿಂಗಳ ಸಾಲ 2,500. ಎರಡನ್ನೂ ಕೂಡಿಸಿ ಅರ್ಧ ಮಾಡಿ: 31,250. ಎರಡು ವರ್ಷ ಪೂರ್ತಿ ನಿಮ್ಮ ಕೈಯಲ್ಲಿ ಸರಾಸರಿ ಇದ್ದ ಹಣ ಇಷ್ಟೇ. ಇದಕ್ಕೆ ವರ್ಷಕ್ಕೆ 6,000 ಬಡ್ಡಿ. ಅಂದರೆ ನೂರಕ್ಕೆ ಹತ್ತೊಂಬತ್ತು ಚಿಲ್ಲರೆ.

ಇದು ಅಂದಾಜು, ತುಸು ಹೆಚ್ಚೇ ತೋರಿಸುತ್ತದೆ. ಸರಿಯಾದ ಪರೀಕ್ಷೆ ಬೇಕಾದರೆ ತಿಂಗಳಿಗೆ ನೂರಕ್ಕೆ ಒಂದೂವರೆ ರೂಪಾಯಿ ಎಂದಿಟ್ಟುಕೊಂಡು, ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುತ್ತಾ ಹೋಗಿ. ಮೊದಲ ತಿಂಗಳ ಬಡ್ಡಿ 900. 3,000ದಲ್ಲಿ ಅದು ಹೋಗಿ ಅಸಲಿಗೆ 2,100. ಉಳಿದ ಸಾಲ 57,900. ಮುಂದಿನ ತಿಂಗಳ ಬಡ್ಡಿ 868 ರೂಪಾಯಿ 50 ಪೈಸೆ, ಅಸಲಿಗೆ 2,131 ರೂಪಾಯಿ 50 ಪೈಸೆ. ಹೀಗೆ ಇಪ್ಪತ್ತನಾಲ್ಕು ಸಾಲು ಬರೆದರೆ ಸಾಲ ತೀರಿ ನೂರಾಮೂವತ್ತು ರೂಪಾಯಿಯಷ್ಟು ಹೆಚ್ಚೇ ಕಟ್ಟಿದ್ದೀರಿ ಎಂದು ಬರುತ್ತದೆ. ಎಂದರೆ ದರ ತಿಂಗಳಿಗೆ ಒಂದೂವರೆಗಿಂತ ಕೂದಲೆಳೆಯಷ್ಟು ಮೇಲೆ, ವರ್ಷಕ್ಕೆ ಹದಿನೆಂಟು ದಾಟಿದೆ. ಇನ್ನು ಪ್ರೊಸೆಸಿಂಗ್ ಫೀ ಎಂದು ಮೊದಲೇ 1,200 ಹಿಡಿದುಕೊಂಡಿದ್ದರೆ ನಿಮಗೆ ಸಿಕ್ಕಿದ್ದು 58,800, ಕಟ್ಟುವುದು ಮಾತ್ರ 60,000ದ ಕಂತು. ಆಗ ದರ ಇಪ್ಪತ್ತನ್ನು ದಾಟುತ್ತದೆ. ಹತ್ತು ಎಂದು ಕೇಳಿಸಿದ್ದು ಇಪ್ಪತ್ತಾಯಿತು.

ಒಂದು ವರ್ಷದ ನಂತರ ಬೋನಸ್ ಬಂತು, ಸಾಲ ಪೂರ್ತಿ ತೀರಿಸಿಬಿಡೋಣ ಎಂದುಕೊಂಡು ಹೋದರೆ ಇನ್ನೊಂದು ಆಶ್ಚರ್ಯ ಕಾದಿರುತ್ತದೆ. ಅರ್ಧ ಕಂತು ಕಟ್ಟಿದೆ, ಅರ್ಧ ಸಾಲ ಉಳಿದಿದೆ, 30,000 ಎಂದು ನೀವು. ಸುಮಾರು 32,600 ಎಂದು ಅವರು. ಮೇಲಿನ ಸಾಲುಗಳನ್ನು ಹನ್ನೆರಡರವರೆಗೆ ಬರೆದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಮೊದಲ ವರ್ಷದ 36,000ದಲ್ಲಿ 8,600ರಷ್ಟು ಬಡ್ಡಿಗೇ ಹೋಗಿದೆ. ಬಡ್ಡಿ ಮೊದಲ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತದೆ, ಅಸಲು ಕೊನೆಯ ಪಂಕ್ತಿಯಲ್ಲಿ.

ಒಂದು ಒಳ್ಳೆಯ ಸುದ್ದಿ. 2024ರ ಅಕ್ಟೋಬರ್ 1ರಿಂದ ಹೊಸದಾಗಿ ಮಂಜೂರಾಗುವ ಇಂಥ ಸಾಲಗಳಿಗೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಎಂಬ ಕಾಗದವನ್ನು ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ ವಿಧಿಸಿದೆ. ಅದರಲ್ಲಿ ಎ.ಪಿ.ಆರ್. ಎಂಬ ಒಂದು ಅಂಕಿ ಇರುತ್ತದೆ. ಬಡ್ಡಿ, ಫೀ ಎಲ್ಲ ಸೇರಿಸಿ ವರ್ಷಕ್ಕೆ ನಿಜವಾಗಿ ಬೀಳುವ ದರ ಅದು. ಷೋರೂಮಿನಲ್ಲಿ ಹೂವಿನ ಹಾರ ಹಾಕಿ ಫೋಟೋ ತೆಗೆಯುವ ಗದ್ದಲದಲ್ಲಿ ಆ ಕಾಗದವನ್ನು ಯಾರೂ ಓದುವುದಿಲ್ಲ. ಡೊಂಬಿವಲಿಯ ಮಿತ್ರರೇ, ಫೈಲಿನಲ್ಲಿ ಹುಡುಕಿ ನೋಡಿ, ಆ ಅಂಕಿಯನ್ನು ನನ್ನ ಲೆಕ್ಕದೊಂದಿಗೆ ಹೋಲಿಸಿ.

ಎರಡನೆಯದು, ಆ ಆರೂವರೆ ಸಾವಿರ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆ ನೀವೆಲ್ಲ ಕೇಳಿರುತ್ತೀರಿ, ಬೇಕಾದದ್ದಕ್ಕಿಂತ ಹೆಚ್ಚೇ ಕೇಳಿರುತ್ತೀರಿ. ಆದರೆ ಹಾಸಿಗೆ ಎಷ್ಟುದ್ದ ಇದೆ ಎಂದು ಅಳೆಯುವುದನ್ನು ಯಾರೂ ಕಲಿಸುವುದಿಲ್ಲ. ಮೊಬೈಲಿನಲ್ಲಿ ಕಾಣುವ ಬ್ಯಾಂಕಿನ ಶಿಲ್ಕನ್ನೇ ಹಾಸಿಗೆ ಎಂದುಕೊಳ್ಳುತ್ತೇವೆ.

ಅವರು ಕಳಿಸಿದ ತಿಂಗಳ ಲೆಕ್ಕ ಹೀಗಿದೆ. ತಿಂಗಳ ಮೊದಲಿಗೆ ಖಾತೆಯಲ್ಲಿ 11,000. ಸಂಬಳ 34,000. ಒಟ್ಟು ಜಮಾ 45,000. ಹೋದದ್ದು: ಮನೆಗೆ 10,000, ಲೋಕಲ್ ಪಾಸು, ರಿಕ್ಷಾ 1,800, ಹೊರಗಿನ ಊಟ, ಚಹಾ 3,200, ಸ್ಕೂಟರಿನ ಮೊದಲ ಕಂತು 3,000, ಫೋನ್ ಇತ್ಯಾದಿ 1,000, ಎ.ಟಿ.ಎಂ.ನಿಂದ ತೆಗೆದದ್ದು 3,500. ಕ್ರೆಡಿಟ್ ಕಾರ್ಡಿನ ಹಿಂದಿನ ಬಿಲ್ಲು 5,000. ಒಟ್ಟು ಖರ್ಚು 27,500. ಕೊನೆಗೆ ಶಿಲ್ಕು 17,500. ಹನ್ನೊಂದು ಸಾವಿರ ಹದಿನೇಳೂವರೆ ಆಯಿತು, ಆದ್ದರಿಂದ ಉಳಿತಾಯ 6,500. ಒಂದು ಪೈಸೆ ತಪ್ಪಿಲ್ಲ. ಇಷ್ಟು ಅಚ್ಚುಕಟ್ಟಾಗಿ ಬರೆದಿಡುವವರು ನೂರಕ್ಕೆ ಹತ್ತು ಜನವೂ ಇರಲಾರರು.

ಆದರೆ ಇದು ಬ್ಯಾಂಕಿನ ಲೆಕ್ಕ, ಇವರ ಲೆಕ್ಕವಲ್ಲ. ಪತ್ರದ ಅಂಚಿನಲ್ಲಿ ಇನ್ನೊಂದು ಸಾಲಿದೆ: ಈ ತಿಂಗಳು ಕಾರ್ಡಿನಲ್ಲಿ ಉಜ್ಜಿದ್ದು 9,400. ಬಿಲ್ಲು ಮುಂದಿನ ತಿಂಗಳು ಬರುತ್ತದೆ, ಆದ್ದರಿಂದ ಅದನ್ನು ಲೆಕ್ಕದಲ್ಲಿ ಸೇರಿಸಿಲ್ಲ! ಖರ್ಚು ಆದದ್ದು ಸಾಮಾನು ಕೈಗೆ ಬಂದ ದಿನ. ದುಡ್ಡು ಕೊಡುವುದು ಯಾವತ್ತಾದರೂ ಆಗಲಿ. ತಿಂಗಳ ಮೊದಲಿಗೆ ಕಾರ್ಡಿನವರಿಗೆ ಕೊಡಬೇಕಿದ್ದದ್ದು 5,000, ಈಗ 9,400. ಸಾಲ 4,400 ಏರಿದೆ. ಆರೂವರೆಯಿಂದ ಅದನ್ನು ಕಳೆಯಿರಿ: 2,100.

ಇವರಿಗೆ ಅನ್ಯಾಯವಾಗಬಾರದು, ಆದ್ದರಿಂದ ಇನ್ನೊಂದು ಕಡೆಯನ್ನೂ ನೋಡೋಣ. ಕಂತಿನ 3,000ವನ್ನು ಪೂರ್ತಿ ಖರ್ಚೆಂದು ಬರೆದಿದ್ದಾರೆ. ಅದರಲ್ಲಿ 900 ಬಡ್ಡಿ ಮಾತ್ರ ಖರ್ಚು. 2,100 ಅಸಲಿಗೆ ಹೋಗಿ ಸಾಲ ಇಳಿಸಿದೆ. ಅದನ್ನು ಮರಳಿ ಕೂಡಿಸಿ: 4,200. ಆಮೇಲೆ ಸ್ಕೂಟರಿನ ವಿಮೆ ಮತ್ತು ಮನೆಯವರ ಆರೋಗ್ಯ ವಿಮೆಯಲ್ಲಿ ಇವರ ಪಾಲು ಸೇರಿ ವರ್ಷಕ್ಕೆ 12,000. ಅದು ಬರುವುದು ಮಾರ್ಚಿನಲ್ಲಿ ಒಂದೇ ಸಲ. ತಿಂದು ಹೋಗುವುದು ಪ್ರತಿ ತಿಂಗಳು 1,000. ಉಳಿದದ್ದು 3,200.

ಕೊನೆಯದಾಗಿ ಸವಕಳಿ. ಇದು ಅಂಗಡಿಯವರ ಲೆಕ್ಕದ ಶಬ್ದ. ಸವೆದು ಹೋಗುವುದು ಎಂದರ್ಥ. 90,000ದ ಸ್ಕೂಟರ್ ಎಂಟು ವರ್ಷ ಓಡಿ ಕೊನೆಗೆ 18,000ಕ್ಕೆ ಹೋಯಿತು ಎಂದಿಟ್ಟುಕೊಳ್ಳಿ. ನಡುವೆ 72,000 ಸವೆಯಿತು, ತೊಂಬತ್ತಾರು ತಿಂಗಳಿಗೆ ಹಂಚಿದರೆ ತಿಂಗಳಿಗೆ 750. ಈ ದುಡ್ಡನ್ನು ಯಾರೂ ಕೇಳಲು ಬರುವುದಿಲ್ಲ, ಆದ್ದರಿಂದಲೇ ಮರೆಯುತ್ತೇವೆ. ಕಳೆದರೆ 2,450.

ಆರೂವರೆ ಸಾವಿರ ಎರಡೂವರೆ ಸಾವಿರಕ್ಕೆ ಬಂದು ನಿಂತಿತು. ಡೊಂಬಿವಲಿಯ ಮಿತ್ರರಿಗೆ ಬೇಸರವಾಗುವುದು ಬೇಡ. 2,450 ನಿಜವಾದ ಉಳಿತಾಯ, ಕೈಯಿಟ್ಟರೆ ಸಿಗುವಂಥದ್ದು. ಜಮೆಯಾದ ಪ್ರತಿ ರೂಪಾಯಿಗೂ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬ ಎರಡು ಕಡೆಯನ್ನೂ ಬರೆಯುವ ಪದ್ಧತಿಯನ್ನು ವೆನಿಸ್‌ನಲ್ಲಿ ಲೂಕಾ ಪಚೋಲಿ ಎಂಬ ಸಂನ್ಯಾಸಿ 1494ರಲ್ಲೇ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದ. ಐನೂರು ವರ್ಷಗಳ ನಂತರವೂ ನಮ್ಮ ಮೊಬೈಲು ಒಂದು ಕಡೆಯನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ತೋರಿಸುತ್ತದೆ.

ಕಾರ್ಡಿನ ಬಗ್ಗೆ ಎರಡು ಮಾತು. ಇವರು ಬಿಲ್ಲನ್ನು ಪೂರ್ತಿ ಕಟ್ಟುತ್ತಾರೆ, ಸಂತೋಷ. "ಕನಿಷ್ಠ ಮೊತ್ತ ಕಟ್ಟಿದರೆ ಸಾಕು" ಎಂದುಕೊಂಡವರಿಗಾಗಿ ಈ ಲೆಕ್ಕ. ಬಾಕಿ 40,000 ಇದೆ, ಬಡ್ಡಿ ತಿಂಗಳಿಗೆ ಮೂರೂವರೆ ಪರ್ಸೆಂಟ್ ಇದೆ ಎಂದುಕೊಳ್ಳಿ. ಕಾರ್ಡುಗಳಲ್ಲಿ ಇದೇನೂ ಅಪರೂಪದ ದರವಲ್ಲ. ಬಡ್ಡಿ 1,400. ಬಡ್ಡಿಯ ಮೇಲೆ ಶೇಕಡಾ 18 ಜಿ.ಎಸ್.ಟಿ., 252. ಎರಡೂ ಸೇರಿ 1,652. ಕನಿಷ್ಠ ಮೊತ್ತ ಶೇಕಡಾ 5 ಎಂದರೆ ನೀವು ಕಟ್ಟಿದ್ದು 2,000. ಸಾಲ ಇಳಿದದ್ದು 348 ರೂಪಾಯಿ! ಜೊತೆಗೆ, ಬಾಕಿ ಇರುವಷ್ಟು ದಿನ ಹೊಸದಾಗಿ ಕೊಂಡ ಸಾಮಾನಿಗೂ ಬಡ್ಡಿಯಿಲ್ಲದ ದಿನಗಳ ಸೌಲಭ್ಯ ಹೋಗುತ್ತದೆ.

ವಿಮೆಯ ಆ ತಿಂಗಳ ಸಾವಿರವನ್ನು ಎಲ್ಲಿ ಇಡಬೇಕು? ಸಂಬಳದ ಖಾತೆಯಲ್ಲಂತೂ ಬೇಡ. ಅಲ್ಲಿದ್ದರೆ ಅದು ನಿಮ್ಮದೇ ಎಂದು ಅನಿಸುತ್ತದೆ. ನಮ್ಮ ಕರಾವಳಿಯವರು ಇದಕ್ಕೊಂದು ದಾರಿ ಕಂಡುಕೊಂಡಿದ್ದರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಎಂದು ಆರಂಭಿಸಿತು. ಬ್ಯಾಂಕಿನ ಏಜೆಂಟರು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಜಮಾ ಮಾಡಿಕೊಳ್ಳುತ್ತಿದ್ದರು. ದಿನದ ದುಡಿಮೆಯವನಿಗೆ ದಿನದ ಉಳಿತಾಯ. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ನಿಮ್ಮ ಅಪ್ಪಂದಿರನ್ನು ಪಿಗ್ಮಿ ಎಂದರೇನು ಎಂದು ಕೇಳಿ ನೋಡಿ, ಅರ್ಧ ಗಂಟೆ ಮಾತಾಡುತ್ತಾರೆ. ನಿಮಗೆ ಏಜೆಂಟರು ಬೇಕಿಲ್ಲ. ಸಂಬಳ ಬಂದ ಮರುದಿನ ತಾನಾಗಿ ಸಾವಿರ ರೂಪಾಯಿ ಕತ್ತರಿಸಿಕೊಳ್ಳುವ ರಿಕರಿಂಗ್ ಡಿಪಾಸಿಟ್ ಸಾಕು.

ಇನ್ನು ಜಾಮೀನು. ಅಪ್ಪ ಹೇಳುವ ಮಾತಿನಲ್ಲಿ ತೂಕವಿದೆ, ಅದನ್ನು ಹಗುರವಾಗಿ ತೆಗೆಯಬೇಡಿ. ಖೋಲಿಯಲ್ಲಿ ನಾಲ್ಕು ವರ್ಷ ಜಾಗ ಕೊಟ್ಟದ್ದು ಯಾವ ಖಾತಾವಹಿಯಲ್ಲೂ ಬರೆಯಲಾಗದ ಋಣ. ಆದರೆ ಋಣ ಬೇರೆ, ಸಾಲ ಬೇರೆ. ಋಣವನ್ನು ನಮ್ಮ ಕೈಲಾದದ್ದರಿಂದ ತೀರಿಸುತ್ತೇವೆ. ಜಾಮೀನಿನಲ್ಲಿ ಕೈಲಾಗದ್ದನ್ನೂ ತೀರಿಸುತ್ತೇನೆಂದು ಬರೆದುಕೊಡುತ್ತೇವೆ.

"ಜಾಮೀನು ಎಂದರೆ ಸಾಕ್ಷಿ ಹಾಕಿದಂತೆ, ಬರೀ ಫಾರ್ಮಾಲಿಟಿ" ಎಂದು ಹೇಳುವವರು ಇದ್ದೇ ಇರುತ್ತಾರೆ. 1872ರ ಭಾರತೀಯ ಕರಾರು ಅಧಿನಿಯಮದ 128ನೆಯ ಕಲಮು ಹಾಗೆ ಹೇಳುವುದಿಲ್ಲ. ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಸಾಲ ತೆಗೆದವನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಅರ್ಧವಲ್ಲ, ಅವನ ನಂತರವೂ ಅಲ್ಲ. "ಮೊದಲು ಅವನನ್ನು ಕೇಳಿ, ಅವನಿಂದ ಆಗದಿದ್ದರೆ ನನ್ನ ಬಳಿ ಬನ್ನಿ" ಎಂದು ಬ್ಯಾಂಕಿಗೆ ಹೇಳುವಂತಿಲ್ಲ. ಬ್ಯಾಂಕ್ ಆಫ್ ಬಿಹಾರ್ ಮೊಕದ್ದಮೆಯಲ್ಲಿ 1960ರ ದಶಕದಲ್ಲೇ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿತು. ಸಾಲಗಾರನ ಬೆನ್ನು ಹತ್ತಿ ಸೋತ ಮೇಲೆಯೇ ಜಾಮೀನುದಾರನ ಬಳಿ ಬರಬೇಕೆಂದರೆ ಜಾಮೀನಿನ ಉದ್ದೇಶವೇ ಹಾಳಾಗುತ್ತದೆ ಎಂಬುದು ಅದರ ತಾತ್ಪರ್ಯ. ಅಣ್ಣನ ಸಾಲ ನಿಮ್ಮ ಸಿಬಿಲ್ ವರದಿಯಲ್ಲೂ ಜಾಮೀನೆಂದು ಕಾಣಿಸಿಕೊಳ್ಳುತ್ತದೆ. ನಾಳೆ ಮನೆಗೆ ಸಾಲ ಕೇಳಿದಾಗ ಅದನ್ನೂ ತೂಗಿ ನೋಡುತ್ತಾರೆ.

ಹಾಗೆಂದು ಜಾಮೀನೇ ಕೆಟ್ಟದ್ದೆಂದು ನಾನು ಹೇಳಲಾರೆ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. 1904ರ ಕಾಯಿದೆಯಂತೆ ಅಂಥ ಹಳ್ಳಿಯ ಸಂಘಗಳು ನಿಂತದ್ದು ಸದಸ್ಯರ ಅಪರಿಮಿತ ಹೊಣೆಯ ಮೇಲೆ. ಒಬ್ಬನ ಸಾಲಕ್ಕೆ ಎಲ್ಲರೂ ಬಾಧ್ಯರು. ಅದು ನಡೆಯಿತು, ಏಕೆಂದರೆ ಯಾರ ಹೊಲ ಎಷ್ಟು, ಬಾವಿಯಲ್ಲಿ ನೀರೆಷ್ಟು, ಯಾರ ಮನೆಯಲ್ಲಿ ಮದುವೆ ಬಂದಿದೆ ಎಂಬುದೆಲ್ಲ ಊರಿಗೇ ಗೊತ್ತಿತ್ತು. ಠಾಣೆಯ ಅಂಗಡಿಯ ಬಗ್ಗೆ ಡೊಂಬಿವಲಿಯ ತಮ್ಮನಿಗೆ ಏನು ಗೊತ್ತಿದೆ? ಪತ್ರದಲ್ಲಿ ಇರುವುದು "ಜಾಗ ಸ್ಟೇಷನ್ ಹತ್ತಿರ, ಚೆನ್ನಾಗಿದೆಯಂತೆ" ಎಂಬ ಒಂದೇ ಮಾತು.

ಅಂಕಿ ಹಾಕೋಣ. ನಾಲ್ಕು ಲಕ್ಷ, ಉಳಿದ ಅಸಲಿನ ಮೇಲೆ ಶೇಕಡಾ 14, ನಾಲ್ಕು ವರ್ಷ ಎಂದುಕೊಂಡರೆ ಕಂತು ತಿಂಗಳಿಗೆ ಸುಮಾರು 10,930. ಒಂದು ವರ್ಷ ನಡೆದು ಅಂಗಡಿ ನಿಂತುಹೋಯಿತು ಎನ್ನಿ; ಹಾಗಾಗದಿರಲಿ. ಆಗ ಬಾಕಿ ಸುಮಾರು 3,20,000. ಇವರ ನಿಜವಾದ ಉಳಿತಾಯ 2,450. ಕಂತಿನ ಕಾಲುಭಾಗವೂ ಅಲ್ಲ. ಇವರು ನಂಬಿದ್ದ 6,500ವೇ ನಿಜವಾಗಿದ್ದರೂ ಸಾಲುತ್ತಿರಲಿಲ್ಲ. ಉಳಿದದ್ದು ಮನೆಗೆ ಕೊಡುವ ಹತ್ತು ಸಾವಿರದಿಂದ ಹೋಗಬೇಕು, ಅಂದರೆ ಅಪ್ಪ-ಅಮ್ಮನ ಅಡುಗೆಮನೆಯಿಂದ. ಅಮ್ಮ ಏನೂ ಹೇಳದಿರುವುದು ಬಹುಶಃ ಇದಕ್ಕೇ.

ಆದ್ದರಿಂದ ನನ್ನ ಉತ್ತರ: ಈಗ ಕೇಳಿರುವ ರೀತಿಯಲ್ಲಿ, ಪೂರ್ತಿ ನಾಲ್ಕು ಲಕ್ಷಕ್ಕೆ, ಸಹಿ ಹಾಕಬೇಡಿ. ಹೊಣೆಯನ್ನು ಇಷ್ಟೇ ಮೊತ್ತಕ್ಕೆ ಎಂದು ಮಿತಿಗೊಳಿಸಿ ಬರೆಯಲು ಕಾನೂನಿನಲ್ಲಿ ಅಡ್ಡಿಯಿಲ್ಲ. ಬ್ಯಾಂಕು ಒಪ್ಪುತ್ತದೆಯೇ ಎಂದು ಕೇಳಬಹುದು. ಐವತ್ತು ಸಾವಿರ ಎಂದಾದರೆ ಅದು ನಿಮಗೆ ಇಪ್ಪತ್ತು ತಿಂಗಳ ಉಳಿತಾಯ, ಕಷ್ಟವಾದರೂ ಹೊರಬಹುದಾದ ಭಾರ. ಒಪ್ಪಿದರೆ, ನಿಮ್ಮ ವಹಿಯಲ್ಲಿ ಸಾಲದ ಕಡೆ ಪೆನ್ಸಿಲಿನಿಂದ ಬರೆದಿಡಿ. ಅಣ್ಣನ ಕೊನೆಯ ಕಂತು ಮುಗಿದ ದಿನ ಅಳಿಸಿ.

ಇದಕ್ಕಿಂತ ಮೊದಲು ಮಾಡಬೇಕಾದ ಕೆಲಸವೊಂದಿದೆ. ಒಂದು ಭಾನುವಾರ ಠಾಣೆಗೆ ಹೋಗಿ. ಅಣ್ಣನೊಂದಿಗೆ ಕುಳಿತು ಅಂಗಡಿಯ ಲೆಕ್ಕ ಬರೆಯಿರಿ. ಉದಾಹರಣೆಗೆ ಬಾಡಿಗೆ 25,000, ಸಾಲದ ಕಂತು 10,930, ಒಬ್ಬ ಹುಡುಗನ ಸಂಬಳ 15,000, ಗ್ಯಾಸು, ಕರೆಂಟು 6,000 ಎಂದಿಟ್ಟುಕೊಳ್ಳಿ. ಅಂಗಡಿಗೆ ಯಾರೂ ಬಾರದಿದ್ದರೂ ಹೋಗುವ ದುಡ್ಡು ತಿಂಗಳಿಗೆ 56,930. ಇಪ್ಪತ್ತಾರು ದಿನ ಬಾಗಿಲು ತೆರೆದರೆ ದಿನಕ್ಕೆ 2,190. ನಲವತ್ತು ರೂಪಾಯಿಯ ಒಂದು ತಟ್ಟೆ ಇಡ್ಲಿ-ವಡೆಯಲ್ಲಿ ಅಕ್ಕಿ, ಉದ್ದು, ಎಣ್ಣೆ, ಚಟ್ನಿಯ ಖರ್ಚು ಹೋಗಿ 18 ರೂಪಾಯಿ ಉಳಿಯುತ್ತದೆ ಎನ್ನೋಣ. 2,190ನ್ನು 18ರಿಂದ ಭಾಗಿಸಿ. ದಿನಕ್ಕೆ 122 ತಟ್ಟೆ. ಅಣ್ಣ ಸ್ವಂತಕ್ಕೆ ಒಂದು ರೂಪಾಯಿ ಮನೆಗೆ ಒಯ್ಯುವ ಮೊದಲೇ 122 ತಟ್ಟೆ ಹೋಗಬೇಕು. 123ನೆಯ ತಟ್ಟೆ ಅವರದು.

ಈ ಅಂಕಿಗಳು ನನ್ನ ಊಹೆ. ಅಣ್ಣನ ಅಂಕಿಗಳನ್ನು ಹಾಕಿ ಮತ್ತೆ ಭಾಗಿಸಿ. ಆ ಸ್ಟೇಷನ್ ರಸ್ತೆಯಲ್ಲಿ ಬೆಳಗಿನ ಹೊತ್ತು ನಿಂತು, ಪಕ್ಕದ ಅಂಗಡಿಯಲ್ಲಿ ಎಷ್ಟು ತಟ್ಟೆ ಹೋಗುತ್ತದೆ ಎಂದು ಎಣಿಸಿ. ಇನ್ನೂರು ಹೋಗುವ ಜಾಗವಾದರೆ ಆ ಕಾಗದವನ್ನೇ ಬ್ಯಾಂಕಿಗೆ ತೋರಿಸಿ, ಜಾಮೀನಿನ ಒತ್ತಾಯ ಕಡಿಮೆಯಾದೀತು. ಎಂಬತ್ತು ಹೋಗುವ ಜಾಗವಾದರೆ ಸಾಲ ತೆಗೆಯುವ ಮೊದಲೇ ಅಣ್ಣನಿಗೆ ಗೊತ್ತಾಗುತ್ತದೆ. ಅಂಗಡಿ ಆರಂಭವಾದರೆ, ತಿಂಗಳಿಗೊಮ್ಮೆ ಹೋಗಿ ಅವರ ಜಮಾ-ಖರ್ಚು ಬರೆದುಕೊಡಿ. ನಿಮ್ಮ ಅಚ್ಚುಕಟ್ಟುತನ ನಿಮ್ಮ ಪತ್ರದಲ್ಲೇ ಕಾಣುತ್ತದೆ. ಹೊಸ ಅಂಗಡಿಯವರಿಗೆ ಸಹಿಗಿಂತ ಅದೇ ಹೆಚ್ಚು ಸಿಗದ ವಸ್ತು. ಅಪ್ಪನಿಗೂ ಈ ಮಾತನ್ನು ಹೇಳಬಹುದು: ದೊಡ್ಡಪ್ಪನ ಮಗನಿಗೆ ನಾನು ಇಲ್ಲ ಎನ್ನಲಿಲ್ಲ, ಭಾನುವಾರ ಕೊಟ್ಟಿದ್ದೇನೆ ಎಂದು.

ಠಾಣೆಗೆ ಹೋಗಿಬಂದ ಮೇಲೆ ಮತ್ತೆ ಬರೆಯಿರಿ, ದೇವನಾಗರಿಯಲ್ಲೇ ಇರಲಿ. ಎಷ್ಟು ತಟ್ಟೆ ಎಂದು ತಿಳಿಯುವ ಕುತೂಹಲ ನನಗೂ ಇದೆ.

ಉಳಿದವರಿಗೆ ಈ ತಿಂಗಳ ಲೆಕ್ಕ: ಅಂಗಡಿಯಲ್ಲಿ ಒಂದು ಮೊಬೈಲ್. "ಬಡ್ಡಿಯೇ ಇಲ್ಲ, ತಿಂಗಳಿಗೆ 2,500ರಂತೆ ಹನ್ನೆರಡು ಕಂತು" ಎಂದು ಬೋರ್ಡು. ನೀವು ಮೆಲ್ಲಗೆ "ರೊಕ್ಕ ಒಂದೇ ಸಲ ಕೊಟ್ಟರೆ?" ಎಂದು ಕೇಳುತ್ತೀರಿ. "27,600ಕ್ಕೆ ಕೊಡುತ್ತೇವೆ" ಎನ್ನುತ್ತಾರೆ. ಹಾಗಾದರೆ ಆ ಇಲ್ಲದ ಬಡ್ಡಿ ವರ್ಷಕ್ಕೆ ನೂರಕ್ಕೆ ಎಷ್ಟಾಯಿತು? ಸ್ಕೂಟರಿನ ಸಾಲಕ್ಕೆ ಮಾಡಿದ ಸರಾಸರಿಯ ಉಪಾಯವನ್ನೇ ಹಾಕಿ ನೋಡಿ. ಉತ್ತರವನ್ನು ಯಾವ ಲಿಪಿಯಲ್ಲಾದರೂ ಬರೆದು ಸಂಘದ ವಿಳಾಸಕ್ಕೆ ಕಳಿಸಿ. ಸರಿಯಾದ ಲೆಕ್ಕ ಮುಂದಿನ ಸಂಚಿಕೆಯಲ್ಲಿ.